ನೇಮಕಾತಿಯಲ್ಲಿ ಹೆಣ್ಣು–ಗಂಡು ಭೇದದ ಅನುಮಾನವೇ? ಅಧಿಸೂಚನೆಯಿಂದ ಕೆಎಟಿ ಆದೇಶದವರೆಗೆ ಒಂದು ಸಮಗ್ರ ಮಾರ್ಗದರ್ಶಿ

2022ರ ಮಾರ್ಚ್‌ನಲ್ಲಿ ಕರ್ನಾಟಕದ ಶಿಕ್ಷಣ ಇಲಾಖೆ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ನೇಮಕಾತಿಗೆ ಅಧಿಸೂಚನೆ ಹೊರಡಿಸಿತು. ನವೆಂಬರ್‌ನಲ್ಲಿ ತಾತ್ಕಾಲಿಕ ಆಯ್ಕೆ ಪಟ್ಟಿ ಬಂದಾಗ ಹಿಂದುಳಿದ ವರ್ಗಗಳ ಹಲವು ವಿವಾಹಿತ ಮಹಿಳೆಯರ ಹೆಸರು ಅವರವರ ವರ್ಗದಲ್ಲಿ ಇರಲಿಲ್ಲ. ಅವರು ಕೊಟ್ಟಿದ್ದ ಜಾತಿ–ಆದಾಯ ಪ್ರಮಾಣಪತ್ರ ತಂದೆಯ ಹೆಸರಿನಲ್ಲಿತ್ತು. ಮದುವೆಯಾಗಿದೆ, ಗಂಡನ ಆದಾಯದ್ದು ಬೇಕಿತ್ತು ಎಂದು ಇಲಾಖೆ ಅವರನ್ನು ಸಾಮಾನ್ಯ ವರ್ಗಕ್ಕೆ ದೂಡಿತ್ತು. ಅವರು ಹೈಕೋರ್ಟ್‌ಗೆ ಹೋದರು. 2023ರ ಜನವರಿಯಲ್ಲಿ ಏಕಸದಸ್ಯ ಪೀಠ ಅವರ ಪರ ತೀರ್ಪು ಕೊಟ್ಟಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ವಿಭಾಗೀಯ ಪೀಠ, ಇದು ಮೊದಲು ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿಯ (ಕೆಎಟಿ) ಮುಂದೆ ಹೋಗಬೇಕಾದ ತಕರಾರು ಎಂದಿತು. 2025ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೂಡ ಆ ಮಾತನ್ನೇ ಎತ್ತಿಹಿಡಿಯಿತು. ಮದುವೆಯಾದ ಮಗಳ ಪ್ರಮಾಣಪತ್ರ ಯಾರ ಹೆಸರಿನಲ್ಲಿರಬೇಕು ಎಂಬ ಅಸಲು ಪ್ರಶ್ನೆ ಒಂದು ಕಡೆ ಉಳಿಯಿತು. ಯಾವ ಬಾಗಿಲು ತಟ್ಟಬೇಕಿತ್ತು ಎಂಬುದು ತೀರ್ಮಾನವಾಗಲಿಕ್ಕೇ ಸುಮಾರು ಮೂರು ವರ್ಷ ಹಿಡಿಯಿತು.

ಈ ಮಾರ್ಗದರ್ಶಿ ಬರೆಯುವುದಕ್ಕೆ ಅದೇ ಕಾರಣ. ಸರ್ಕಾರಿ ನೇಮಕಾತಿಯಲ್ಲಿ ಲಿಂಗತಾರತಮ್ಯ ಕೂಡದು ಎಂಬ ವಿಷಯದಲ್ಲಿ ನಮ್ಮ ಕಾನೂನು ಗಟ್ಟಿಯಾಗಿಯೇ ಇದೆ. ಸಂವಿಧಾನದ 16(2)ನೇ ವಿಧಿ ಲಿಂಗದ ಕಾರಣಕ್ಕೆ ಸರ್ಕಾರಿ ಹುದ್ದೆಯಲ್ಲಿ ಭೇದ ಮಾಡುವಂತಿಲ್ಲ ಎಂದು ಖಡಾಖಂಡಿತವಾಗಿ ಹೇಳುತ್ತದೆ. ಆದರೂ ಅಭ್ಯರ್ಥಿಗಳು ಸೋಲುತ್ತಾರೆ, ಯಾಕೆಂದರೆ ಬಾಗಿಲು ತಪ್ಪಿರುತ್ತದೆ, ದಿನ ಮೀರಿರುತ್ತದೆ ಅಥವಾ ಕೈಯಲ್ಲಿ ಕಾಗದ ಇರುವುದಿಲ್ಲ. ಧಾರವಾಡದ ಸಪ್ತಾಪುರದಲ್ಲೋ ಬೆಂಗಳೂರಿನ ವಿಜಯನಗರದಲ್ಲೋ ವರ್ಷಗಟ್ಟಲೆ ಓದಿದವರಿಗೆ ಸಿಲಬಸ್ ಬಾಯಿಪಾಠ ಇರುತ್ತದೆ. ಆಕ್ಷೇಪಣೆ ಸಲ್ಲಿಸುವ ಕೊನೆಯ ದಿನಾಂಕ ಮಾತ್ರ ಕಣ್ಣಿಗೆ ಬಿದ್ದಿರುವುದಿಲ್ಲ.

ಹಂತ 1: ಏನು ನಡೆದಿದೆ ಎಂಬುದನ್ನು ಒಂದು ವಾಕ್ಯದಲ್ಲಿ ಬರೆಯಿರಿ

"ನನಗೆ ಅನ್ಯಾಯವಾಗಿದೆ" ಎಂಬುದು ದೂರು ಆಗುವುದಿಲ್ಲ. ಯಾವ ಹಂತದಲ್ಲಿ, ಯಾವ ಷರತ್ತಿನಿಂದ ಅಥವಾ ಯಾರ ಯಾವ ಕ್ರಮದಿಂದ ಎಂದು ಬರೆಯಲು ಬಂದರೆ ಅರ್ಧ ಕೆಲಸ ಮುಗಿದಂತೆ. ಸಾಮಾನ್ಯವಾಗಿ ವಿಷಯ ನಾಲ್ಕು ಬಗೆಯದ್ದಾಗಿರುತ್ತದೆ.

ಮೊದಲನೆಯದು, ಅಧಿಸೂಚನೆಯಲ್ಲೇ ಬರೆದಿಟ್ಟ ಭೇದ. ಕೇರಳ ಸರ್ಕಾರದ ಉದ್ಯಮವಾದ ಕೇರಳ ಮಿನರಲ್ಸ್ ಅಂಡ್ ಮೆಟಲ್ಸ್ ಸಂಸ್ಥೆ ಸುರಕ್ಷತಾ ಅಧಿಕಾರಿ ಹುದ್ದೆಗೆ ಪುರುಷರು ಮಾತ್ರ ಅರ್ಜಿ ಹಾಕಬೇಕು ಎಂದಿತ್ತು. ರಾತ್ರಿ ಪಾಳಿಯಲ್ಲಿ ಹೆಣ್ಣುಮಕ್ಕಳನ್ನು ದುಡಿಸುವಂತಿಲ್ಲ ಎಂಬ ಕಾರ್ಖಾನೆ ಕಾಯ್ದೆಯ ಕಟ್ಟಳೆಯನ್ನು ಅದಕ್ಕೆ ಸಮರ್ಥನೆಯಾಗಿ ಮುಂದಿಟ್ಟಿತು. 2021ರ ಏಪ್ರಿಲ್‌ನಲ್ಲಿ ಕೇರಳ ಹೈಕೋರ್ಟ್ ಆ ಷರತ್ತನ್ನು ರದ್ದು ಮಾಡಿತು. ಹೆಣ್ಣನ್ನು ಕಾಪಾಡಲೆಂದು ಬಂದ ಕಟ್ಟಳೆ ಅವಳ ನೌಕರಿ ತಪ್ಪಿಸುವ ನೆಪ ಆಗಬಾರದು ಎಂಬುದು ಆ ತೀರ್ಪಿನ ತಿರುಳು. ಈ ಬಗೆಯ ಪ್ರಕರಣ ಗೆಲ್ಲಲು ಎಲ್ಲಕ್ಕಿಂತ ಸುಲಭ, ಯಾಕೆಂದರೆ ಸಾಕ್ಷಿಯನ್ನು ಇಲಾಖೆಯೇ ಅಚ್ಚು ಹಾಕಿ ಕೊಟ್ಟಿರುತ್ತದೆ.

ಎರಡನೆಯದು ನಿಯಮದ ಒಳಗೆ ಅಡಗಿದ ಭೇದ. "ಮಗ ಅಥವಾ ಅವಿವಾಹಿತ ಮಗಳು" ಎಂಬಂಥ ಪದಗಳು ಇಲ್ಲಿ ಬರುತ್ತವೆ. ಕರ್ನಾಟಕದ ಅನುಕಂಪದ ನೇಮಕಾತಿಯ 1996ರ ನಿಯಮಗಳಲ್ಲಿದ್ದ "ಅವಿವಾಹಿತ" ಎಂಬ ಪದವನ್ನು ಹೈಕೋರ್ಟ್ 2020ರ ಡಿಸೆಂಬರ್‌ನಲ್ಲಿ ತೆಗೆದುಹಾಕಿತು. 2023ರ ಜನವರಿಯಲ್ಲಿ ಇನ್ನೊಂದು ಪ್ರಕರಣ ಬಂತು. ಕರ್ತವ್ಯದಲ್ಲಿ ಮಡಿದ ಯೋಧರೊಬ್ಬರ ಮಗಳು ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಮಾಜಿ ಸೈನಿಕರ ಕೋಟಾದಲ್ಲಿ ಅರ್ಜಿ ಹಾಕಲು ಅವಲಂಬಿತರ ಗುರುತಿನ ಚೀಟಿ ಕೇಳಿದ್ದರು. ಮದುವೆಯಾಗಿದೆ ಎಂಬ ಕಾರಣಕ್ಕೆ ಅದು ಸಿಕ್ಕಿರಲಿಲ್ಲ. ಮದುವೆಯಾದರೂ ಮಗ ಮಗನಾಗಿಯೇ ಉಳಿಯುವುದಾದರೆ ಮಗಳೂ ಮಗಳೇ ಎಂದು ಹೈಕೋರ್ಟ್ ಆ ಷರತ್ತನ್ನು ಕಿತ್ತುಹಾಕಿತು. ನಿಮ್ಮ ವಿಷಯದಲ್ಲಿ ಭೇದದ ಮೂಲ ಮದುವೆಯಾಗಿದ್ದರೆ ಈ ಎರಡು ತೀರ್ಪುಗಳು ನಿಮ್ಮ ಕೈಯಲ್ಲಿರಲಿ.

ಎಲ್ಲರಿಗೂ ಒಂದೇ ಎಂದು ತೋರುವ, ಆದರೆ ಹೆಣ್ಣುಮಕ್ಕಳನ್ನೇ ಹೆಚ್ಚು ಹೊರದೂಡುವ ಮಾನದಂಡಗಳೂ ಇದೇ ಗುಂಪಿಗೆ ಸೇರುತ್ತವೆ. ಸೇನೆಯ ಮಹಿಳಾ ಅಧಿಕಾರಿಗಳ ಕಾಯಂ ನೇಮಕದ ಪ್ರಕರಣದಲ್ಲಿ, 2021ರ ಮಾರ್ಚ್‌ನಲ್ಲಿ, ಸುಪ್ರೀಂ ಕೋರ್ಟ್ ಇದನ್ನು ಪರೋಕ್ಷ ತಾರತಮ್ಯ ಎಂದು ಗುರುತಿಸಿತು. ಇಲಾಖೆಗೆ ದುರುದ್ದೇಶ ಇತ್ತೆಂದು ನೀವು ಸಾಬೀತು ಮಾಡಬೇಕಿಲ್ಲ. ಮಾನದಂಡದ ಪರಿಣಾಮ ಏನಾಯಿತು ಎಂಬುದನ್ನು ತೋರಿಸಬೇಕು.

ಮೂರನೆಯದು ಆಯ್ಕೆ ಪಟ್ಟಿಯ ಲೆಕ್ಕದಲ್ಲಿ ಆಗುವ ತಪ್ಪು. ನಾಲ್ಕನೆಯದು ಸಂದರ್ಶನ, ದೈಹಿಕ ಪರೀಕ್ಷೆ ಮತ್ತು ವೈದ್ಯಕೀಯ ತಪಾಸಣೆಯಲ್ಲಿ ನಡೆಯುವುದು. ಈ ಎರಡನ್ನೂ ಮುಂದೆ ಬಿಡಿಸಿ ಹೇಳುತ್ತೇನೆ.

ಯಾವುದು ತಾರತಮ್ಯವಲ್ಲ ಎಂಬುದೂ ಗೊತ್ತಿರಲಿ. ಕರ್ನಾಟಕದ ನೇರ ನೇಮಕಾತಿಯಲ್ಲಿ ಮಹಿಳೆಯರಿಗೆ ಶೇ 33 ಮೀಸಲು ಇದೆ. "ನನಗಿಂತ ಕಡಿಮೆ ಅಂಕದ ಹುಡುಗಿಗೆ ಸಿಕ್ಕಿತು" ಎಂದು ಅದರ ವಿರುದ್ಧ ಹೋಗುವ ಹುಡುಗರಿಗೆ ದಾರಿ ಇಲ್ಲ. 15(3)ನೇ ವಿಧಿ ಇಂಥ ವಿಶೇಷ ಅವಕಾಶಕ್ಕೆ ಆಸ್ಪದ ಕೊಡುತ್ತದೆ, 1995ರಲ್ಲಿ ಆಂಧ್ರಪ್ರದೇಶದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಿದೆ. ಹಾಗೆಂದು ಗಂಡಸರಿಗೆ ಬಾಗಿಲೇ ಮುಚ್ಚಿದೆ ಅಂತಲ್ಲ. ಸೇನಾ ಶುಶ್ರೂಷಾ ಸೇವೆಯ ಹುದ್ದೆಗಳು ಹೆಣ್ಣುಮಕ್ಕಳಿಗೆ ಮಾತ್ರ ಎನ್ನುತ್ತಿದ್ದ 1943ರ ಸುಗ್ರೀವಾಜ್ಞೆಯ ಪದಗಳನ್ನು ಹೈಕೋರ್ಟ್‌ನ ಧಾರವಾಡ ಪೀಠ 2024ರ ಜನವರಿಯಲ್ಲಿ ಅಸಿಂಧು ಎಂದಿತು. ಲಿಂಗತ್ವ ಅಲ್ಪಸಂಖ್ಯಾತರಿಗೆ 2021ರ ತಿದ್ದುಪಡಿಯಿಂದ ರಾಜ್ಯದ ನೇರ ನೇಮಕಾತಿಯಲ್ಲಿ ಶೇ 1 ಮೀಸಲಾತಿ ಇದೆ. ಅಧಿಸೂಚನೆಯಲ್ಲೋ ಅರ್ಜಿ ನಮೂನೆಯಲ್ಲೋ ಅದನ್ನು ಬಿಟ್ಟಿದ್ದರೆ ಅದೂ ಪ್ರಶ್ನಿಸತಕ್ಕ ವಿಷಯವೇ.

ಹಂತ 2: ನೇಮಕ ಮಾಡುವವರು ಯಾರು ಎಂದು ನೋಡಿ, ಬಾಗಿಲು ಗೊತ್ತುಮಾಡಿಕೊಳ್ಳಿ

ಪರೀಕ್ಷೆ ನಡೆಸಿದವರು ಯಾರು ಎಂಬುದಕ್ಕಿಂತ ಹುದ್ದೆ ಯಾರದ್ದು ಎಂಬುದು ಮುಖ್ಯ. ಒಂದೇ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಇಲಾಖೆಗಳಿಗೂ ಪರೀಕ್ಷೆ ನಡೆಸುತ್ತದೆ, ನಿಗಮಗಳಿಗೂ ನಡೆಸುತ್ತದೆ.

ರಾಜ್ಯ ಸರ್ಕಾರದ ಇಲಾಖೆಯ ಹುದ್ದೆಯಾದರೆ, ಅಂದರೆ ಎಫ್‌ಡಿಎ, ಎಸ್‌ಡಿಎ (ಪ್ರಥಮ, ದ್ವಿತೀಯ ದರ್ಜೆ ಸಹಾಯಕರು), ಪಿಎಸ್‌ಐ, ಸರ್ಕಾರಿ ಶಾಲೆಯ ಶಿಕ್ಷಕರು, ಗೆಜೆಟೆಡ್ ಪ್ರೊಬೇಷನರ್ ಇಂಥವಾದರೆ, ಮೊದಲ ಬಾಗಿಲು ಕೆಎಟಿ. ಬೆಂಗಳೂರಿನ ಜೊತೆಗೆ ಬೆಳಗಾವಿ ಮತ್ತು ಕಲಬುರಗಿಯಲ್ಲೂ ಅದರ ಪೀಠಗಳಿವೆ. ಕೇಂದ್ರ ಸರ್ಕಾರದ ನಾಗರಿಕ ಹುದ್ದೆಯಾದರೆ ಕೇಂದ್ರೀಯ ಆಡಳಿತ ನ್ಯಾಯಮಂಡಳಿಯ ಬೆಂಗಳೂರು ಪೀಠ. 1985ರ ಆಡಳಿತ ನ್ಯಾಯಮಂಡಳಿಗಳ ಕಾಯ್ದೆ ನೇಮಕಾತಿಗೆ ಸಂಬಂಧಿಸಿದ ಎಲ್ಲ ವಿಷಯವನ್ನೂ ಈ ಮಂಡಳಿಗಳಿಗೆ ಒಪ್ಪಿಸಿದೆ. ಇನ್ನೂ ನೌಕರಿಗೆ ಸೇರಿಲ್ಲ, ಅಭ್ಯರ್ಥಿ ಅಷ್ಟೇ ಎಂದುಕೊಂಡು ನೇರವಾಗಿ ಹೈಕೋರ್ಟ್‌ಗೆ ಹೋಗುವ ತಪ್ಪು ಮಾಡಬೇಡಿ. ಚಂದ್ರಕುಮಾರ್ ಪ್ರಕರಣದಲ್ಲಿ 1997ರಲ್ಲೇ ಸುಪ್ರೀಂ ಕೋರ್ಟ್ ದಾರಿ ಹಾಕಿಕೊಟ್ಟಿದೆ: ಮೊದಲು ಮಂಡಳಿ, ಅಲ್ಲಿ ಸೋತರೆ ಹೈಕೋರ್ಟ್‌ನ ವಿಭಾಗೀಯ ಪೀಠ.

ನಿಗಮ, ಮಂಡಳಿ, ಸಾರ್ವಜನಿಕ ಉದ್ಯಮಗಳ ಲೆಕ್ಕ ಬೇರೆ. ಕೆಪಿಟಿಸಿಎಲ್, ಕೆಎಸ್‌ಆರ್‌ಟಿಸಿ, ಎಚ್‌ಎಎಲ್, ಬಿಇಎಲ್, ಸರ್ಕಾರಿ ಸ್ವಾಮ್ಯದ ಬ್ಯಾಂಕುಗಳು ಸಂವಿಧಾನದ 12ನೇ ವಿಧಿಯ ಅರ್ಥದಲ್ಲಿ "ರಾಜ್ಯ"ವೇ ಆದರೂ, ಅವುಗಳ ನೇಮಕಾತಿಯ ತಕರಾರು ಸಾಮಾನ್ಯವಾಗಿ 226ನೇ ವಿಧಿಯಡಿ ರಿಟ್ ಅರ್ಜಿಯಾಗಿ ಹೈಕೋರ್ಟ್‌ಗೇ ಹೋಗುತ್ತದೆ. ಬೆಂಗಳೂರು, ಧಾರವಾಡ, ಕಲಬುರಗಿ ಮೂರೂ ಕಡೆ ಪೀಠಗಳಿವೆ. ಆದರೆ ಕೆಲವು ಸಂಸ್ಥೆಗಳನ್ನು ಪ್ರತ್ಯೇಕ ಅಧಿಸೂಚನೆಯಿಂದ ಕೇಂದ್ರೀಯ ನ್ಯಾಯಮಂಡಳಿಯ ವ್ಯಾಪ್ತಿಗೆ ಸೇರಿಸಲಾಗಿದೆ, ಬಿಎಸ್‌ಎನ್‌ಎಲ್ ಅಂಥದ್ದು. ವಕೀಲರಿಗೆ ನೀವು ಕೇಳಬೇಕಾದ ಮೊದಲ ಪ್ರಶ್ನೆ "ಗೆಲ್ಲುತ್ತೇವಾ?" ಎಂಬುದಲ್ಲ, "ಈ ಸಂಸ್ಥೆಯ ನೇಮಕಾತಿ ಯಾವ ವೇದಿಕೆಗೆ ಬರುತ್ತದೆ?" ಎಂಬುದು.

ಮಹಿಳಾ ಆಯೋಗಕ್ಕೆ ದೂರು ಕೊಡಬಹುದೇ ಎಂದು ಬಹಳ ಜನ ಕೇಳುತ್ತಾರೆ. ಕೊಡಬಹುದು. ಆಯೋಗ ಇಲಾಖೆಯಿಂದ ವಿವರಣೆ ಕೇಳುತ್ತದೆ, ಒತ್ತಡ ಹಾಕುತ್ತದೆ. ಆಯ್ಕೆ ಪಟ್ಟಿ ರದ್ದುಪಡಿಸುವ ಅಧಿಕಾರ ಅದಕ್ಕಿಲ್ಲ. ಅಲ್ಲಿ ದೂರು ಬಾಕಿ ಇದೆ ಎಂದು ನ್ಯಾಯಮಂಡಳಿಯ ಗಡುವು ನಿಲ್ಲುವುದೂ ಇಲ್ಲ.

ಹಂತ 3: ಗಡುವುಗಳನ್ನು ಗೋಡೆಯ ಮೇಲೆ ಬರೆಯಿರಿ

1985ರ ಆಡಳಿತ ನ್ಯಾಯಮಂಡಳಿಗಳ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಅಂತಿಮ ಆದೇಶ ಬಂದ ದಿನದಿಂದ ಒಂದು ವರ್ಷದೊಳಗೆ ನ್ಯಾಯಮಂಡಳಿಗೆ ಹೋಗಬೇಕು. ಮನವಿ ಕೊಟ್ಟು ಆರು ತಿಂಗಳಾದರೂ ಉತ್ತರ ಬರದಿದ್ದರೆ, ಆ ಆರು ತಿಂಗಳು ಮುಗಿದ ದಿನದಿಂದ ಒಂದು ವರ್ಷ. ತಡವಾದದ್ದಕ್ಕೆ ಸಕಾರಣ ಇದ್ದರೆ ಮನ್ನಿಸಬಹುದು, ಆದರೆ ಅದನ್ನು ನೆಚ್ಚಿಕೊಂಡು ಕೂರಬಾರದು. ಒಂದರ ಹಿಂದೆ ಒಂದು ಮನವಿ ಕೊಡುತ್ತಾ ಹೋದರೆ ಗಡುವು ಹೊಸದಾಗಿ ಶುರುವಾಗುತ್ತದೆ ಎಂಬ ನಂಬಿಕೆ ಶುದ್ಧ ತಪ್ಪು.

ಇದು ಕಾನೂನಿನ ಲೆಕ್ಕ. ನೇಮಕಾತಿಯ ಲೆಕ್ಕದಲ್ಲಿ ಒಂದು ವರ್ಷ ಎಂದರೆ ಒಂದು ಯುಗ. ಅಷ್ಟರಲ್ಲಿ ಅಂತಿಮ ಪಟ್ಟಿ ಬಂದು, ಆದೇಶ ಕೈಸೇರಿ, ಆಯ್ಕೆಯಾದವರು ಕೆಲಸಕ್ಕೆ ಹಾಜರಾಗಿರುತ್ತಾರೆ. ಊರು ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗಾಗುತ್ತದೆ. ರಾಜಸ್ಥಾನದಲ್ಲಿ ಅರಣ್ಯ ರಕ್ಷಕರ ನೇಮಕಾತಿಗೆ ಬಂದ ಹೆಣ್ಣುಮಕ್ಕಳ ಎದೆಯಳತೆ ತೆಗೆದು ಅನರ್ಹಗೊಳಿಸಿದ್ದರು. 2023ರ ಆಗಸ್ಟ್‌ನಲ್ಲಿ ಅಲ್ಲಿಯ ಹೈಕೋರ್ಟ್ ಆ ಮಾನದಂಡವನ್ನು ಅತಾರ್ಕಿಕ, ಹೆಣ್ಣಿನ ಘನತೆಗೆ ಕುಂದು ತರುವಂಥದ್ದು ಎಂದು ಖಂಡಿಸಿತು, ಮರುಚಿಂತನೆ ಮಾಡಿ ಎಂದು ಸರ್ಕಾರಕ್ಕೂ ಹೇಳಿತು. ಆದರೆ ಆ ನೇಮಕಾತಿಯಲ್ಲಿ ಕೈಹಾಕಲಿಲ್ಲ. ಅರ್ಜಿ ಹಾಕಿದವರಿಗೆ ನೌಕರಿ ಸಿಗಲಿಲ್ಲ.

ಷರತ್ತು ಅಧಿಸೂಚನೆಯಲ್ಲೇ ಇದ್ದರೆ, ಅರ್ಜಿಯ ಕೊನೆಯ ದಿನಾಂಕದೊಳಗೇ ಅದನ್ನು ಪ್ರಶ್ನಿಸಬೇಕು. ಇಲ್ಲೊಂದು ಮುಳ್ಳಿದೆ. ಷರತ್ತು ಗೊತ್ತಿದ್ದೂ ಸುಮ್ಮನೆ ಪರೀಕ್ಷೆ ಬರೆದು, ಫೇಲಾದ ಮೇಲೆ ಷರತ್ತೇ ಸರಿಯಿಲ್ಲ ಎನ್ನುವವರ ಮಾತನ್ನು ನ್ಯಾಯಾಲಯಗಳು ಕೇಳುವುದಿಲ್ಲ. ಮದನ್ ಲಾಲ್ ಪ್ರಕರಣದ 1995ರ ತೀರ್ಪನ್ನು ಸರ್ಕಾರಿ ವಕೀಲರು ಪ್ರತಿಯೊಂದು ಪ್ರಕರಣದಲ್ಲೂ ಓದಿ ಹೇಳುತ್ತಾರೆ. ನಿಯಮವನ್ನೇ ತಪ್ಪಾಗಿ ಅನ್ವಯಿಸಿದ್ದರೆ ಪರೀಕ್ಷೆ ಬರೆದವರೂ ಪ್ರಶ್ನಿಸಬಹುದು ಎಂದು 2019ರ ಮೀತಾ ಸಹಾಯ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕಿಟಕಿ ತೆರೆದಿದೆ ನಿಜ. ಆದರೂ ಸುರಕ್ಷಿತ ದಾರಿ ಒಂದೇ: ಅರ್ಜಿ ಹಾಕಿ, ಪರೀಕ್ಷೆಯನ್ನೂ ಬರೆಯಿರಿ, ಜೊತೆಗೆ "ಇಂಥ ಷರತ್ತಿಗೆ ನನ್ನ ಆಕ್ಷೇಪವಿದೆ, ಆ ಹಕ್ಕನ್ನು ಕಾಯ್ದಿರಿಸಿಕೊಂಡೇ ಭಾಗವಹಿಸುತ್ತಿದ್ದೇನೆ" ಎಂದು ಪರೀಕ್ಷೆಗೆ ಮುಂಚೆಯೇ ಲಿಖಿತವಾಗಿ ಕಳಿಸಿ.

ಹಂತ 4: ಕಾಗದ ಕೂಡಿಹಾಕಿ

ಅಧಿಸೂಚನೆ, ತಿದ್ದುಪಡಿ ಪ್ರಕಟಣೆ, ಕೀ ಉತ್ತರ, ತಾತ್ಕಾಲಿಕ ಪಟ್ಟಿ, ಕಟ್‌ಆಫ್ ಅಂಕಗಳ ಪಟ್ಟಿ ಎಲ್ಲವನ್ನೂ ಪ್ರಕಟವಾದ ದಿನವೇ ಇಳಿಸಿಕೊಳ್ಳಿ. ವೆಬ್‌ಸೈಟಿನಲ್ಲಿ ಇರುತ್ತದೆ ಬಿಡಿ ಎಂದು ನಂಬಬೇಡಿ. ಅರ್ಜಿಯ ಪ್ರತಿ, ಶುಲ್ಕದ ರಸೀದಿ, ಪ್ರವೇಶಪತ್ರ, ದೈಹಿಕ ಪರೀಕ್ಷೆಯ ಫಲಿತಾಂಶದ ಚೀಟಿ, ದಾಖಲೆ ಪರಿಶೀಲನೆಗೆ ಬಂದ ಕರೆಪತ್ರ ಇವೂ ಬೇಕು.

ಜನ ಮರೆಯುವ ಕಾಗದ ಒಂದಿದೆ, ಆ ಹುದ್ದೆಯ ವೃಂದ ಮತ್ತು ನೇಮಕಾತಿ ನಿಯಮಗಳು. ಅಧಿಸೂಚನೆ ಆ ನಿಯಮಗಳಿಗೆ ತಕ್ಕಂತೆ ಇರಬೇಕು. ನಿಯಮದಲ್ಲಿ ಇಲ್ಲದ ಲಿಂಗಾಧಾರಿತ ಷರತ್ತು ಅಧಿಸೂಚನೆಯಲ್ಲಿ ನುಸುಳಿದ್ದರೆ ಸಂವಿಧಾನದವರೆಗೆ ಹೋಗುವ ಮೊದಲೇ ನಿಮ್ಮ ವಾದ ಗೆದ್ದಿರುತ್ತದೆ. ಷರತ್ತು ನಿಯಮದಲ್ಲೇ ಇದ್ದರೆ ನಿಯಮವನ್ನೂ ಪ್ರಶ್ನಿಸಬೇಕಾಗುತ್ತದೆ, ಅದು ಕೊಂಚ ದೊಡ್ಡ ಕೆಲಸ. ಅರ್ಧ ದಾರಿಯಲ್ಲಿ ನಿಯಮ ಬದಲಿಸಿದ್ದರೆ, ಆಯ್ಕೆ ಪ್ರಕ್ರಿಯೆ ಶುರುವಾದ ಮೇಲೆ ಆಟದ ನಿಯಮ ಬದಲಿಸುವಂತಿಲ್ಲ ಎಂದು 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್‌ನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಹೇಳಿರುವುದನ್ನು ನೆನಪಿಡಿ.

ಹಂತ 5: ಪಟ್ಟಿಯ ಲೆಕ್ಕವನ್ನು ನೀವೇ ಹಾಕಿ ನೋಡಿ

ನನ್ನ ಅಭಿಪ್ರಾಯದಲ್ಲಿ ಇದೇ ಅತ್ಯಂತ ಮುಖ್ಯ ಹಂತ, ಜನ ಹೆಚ್ಚು ಹೆದರುವುದೂ ಇದಕ್ಕೇ. ಎಸ್‌ಸಿ, ಎಸ್‌ಟಿ, ಪ್ರವರ್ಗ 1, 2ಎ ಇಂಥವು ಲಂಬ ಮೀಸಲಾತಿ. ಮಹಿಳೆ, ಗ್ರಾಮೀಣ, ಕನ್ನಡ ಮಾಧ್ಯಮ, ಮಾಜಿ ಸೈನಿಕ ಇವು ಆ ಪ್ರತಿಯೊಂದು ವರ್ಗವನ್ನೂ ಅಡ್ಡ ಹಾಯುವ ಸಮತಲ ಮೀಸಲಾತಿ. ಎರಡಕ್ಕೂ ಲೆಕ್ಕ ಹಾಕುವ ಕ್ರಮ ಬೇರೆ.

ಒಂದು ಉದಾಹರಣೆ ಕಲ್ಪಿಸಿಕೊಳ್ಳಿ. ಸಾಮಾನ್ಯ ವರ್ಗದಲ್ಲಿ 9 ಹುದ್ದೆ, ಅದರಲ್ಲಿ 3 ಮಹಿಳೆಯರಿಗೆ. ಮೊದಲು ಜಾತಿ, ಲಿಂಗ ಯಾವುದನ್ನೂ ನೋಡದೆ ಅಂಕದ ಮೇಲೆ ಮೊದಲ 9 ಜನರ ಪಟ್ಟಿ ಮಾಡಬೇಕು. ಆ 9ರಲ್ಲಿ ಎಷ್ಟು ಹೆಣ್ಣುಮಕ್ಕಳಿದ್ದಾರೆ ಎಂದು ಎಣಿಸಬೇಕು. ಮೂವರೋ ಹೆಚ್ಚೋ ಇದ್ದರೆ ಕೆಲಸ ಮುಗಿಯಿತು. ಒಬ್ಬರೇ ಇದ್ದರೆ ಪಟ್ಟಿಯ ಕೆಳಗಿನಿಂದ ಇಬ್ಬರು ಪುರುಷರನ್ನು ತೆಗೆದು, ನಂತರದ ಅಂಕದ ಇಬ್ಬರು ಮಹಿಳೆಯರನ್ನು ಸೇರಿಸಬೇಕು. 2007ರ ರಾಜೇಶ್ ಕುಮಾರ್ ದಾರಿಯಾ ತೀರ್ಪು ಹೇಳುವ ಕ್ರಮ ಇದು.

ತಪ್ಪು ಆಗುವುದು ಎರಡು ಕಡೆ. ಒಂದು, ಮೂರು ಎಂಬುದನ್ನು ಕನಿಷ್ಠ ಎಂದು ನೋಡದೆ ಗರಿಷ್ಠ ಎಂದು ನೋಡುವುದು. ಅಂಕದಿಂದಲೇ ಐವರು ಹೆಣ್ಣುಮಕ್ಕಳು ಮೊದಲ 9ರಲ್ಲಿದ್ದರೆ ಐವರೂ ಬರಬೇಕು; ಮಹಿಳಾ ಕೋಟಾ ತುಂಬಿತು ಎಂದು ಇಬ್ಬರನ್ನು ಕೈಬಿಡುವಂತಿಲ್ಲ. ಇನ್ನೊಂದು ಹೆಚ್ಚು ಸೂಕ್ಷ್ಮ. ಸಾಮಾನ್ಯ ವರ್ಗದ ಮಹಿಳಾ ಹುದ್ದೆ ಎಂದರೆ ಮೀಸಲಾತಿ ಇಲ್ಲದ ಜಾತಿಯ ಹೆಣ್ಣುಮಕ್ಕಳಿಗೆ ಮಾತ್ರ ಎಂದು ತಿಳಿಯುವುದು. ಉತ್ತರ ಪ್ರದೇಶದ ಕಾನ್‌ಸ್ಟೆಬಲ್ ನೇಮಕಾತಿಯಲ್ಲಿ ಇದೇ ಆಗಿತ್ತು. ಹಿಂದುಳಿದ ವರ್ಗದ ಹೆಣ್ಣುಮಕ್ಕಳಿಗೆ ಹೆಚ್ಚು ಅಂಕವಿದ್ದರೂ ಸಾಮಾನ್ಯ ಮಹಿಳೆ ಪಟ್ಟಿಗೆ ಪರಿಗಣಿಸದೆ, ಕಡಿಮೆ ಅಂಕದವರನ್ನು ತೆಗೆದುಕೊಂಡಿದ್ದರು. 2020ರ ಡಿಸೆಂಬರ್‌ನಲ್ಲಿ ಸೌರವ್ ಯಾದವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಪ್ಪೆಂದಿತು. ಸಾಮಾನ್ಯ ವರ್ಗ ಎಂಬುದು ಯಾರೊಬ್ಬರ ಕೋಟಾ ಅಲ್ಲ, ಎಲ್ಲರಿಗೂ ತೆರೆದ ಜಾಗ.

ನಿಮ್ಮ ಪಟ್ಟಿಯಲ್ಲಿ ಹೀಗೆ ನೋಡಿ: ಸಾಮಾನ್ಯ ಮಹಿಳೆ ಕಟ್‌ಆಫ್ 2ಎ ಮಹಿಳೆಯ ಕಟ್‌ಆಫ್‌ಗಿಂತ ಕಡಿಮೆ ಇದೆಯೇ? ಇದ್ದರೆ ಲೆಕ್ಕ ಎಲ್ಲೋ ದಾರಿ ತಪ್ಪಿರುವ ಸಾಧ್ಯತೆ ದೊಡ್ಡದು. ಹಾಗೆಯೇ ಯಾವುದೇ ವರ್ಗದಲ್ಲಿ ಮಹಿಳೆಯರ ಕಟ್‌ಆಫ್ "ಇತರೆ" ಕಟ್‌ಆಫ್‌ಗಿಂತ ಹೆಚ್ಚಿದ್ದರೆ, ಹೆಣ್ಣುಮಕ್ಕಳನ್ನು ಕೋಟಾದೊಳಗೇ ಕೂಡಿಹಾಕಿದ್ದಾರೆ ಎಂದು ಶಂಕಿಸಬಹುದು. ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಬರೆದು ತೋರಿಸಿದರೆ ವಕೀಲರಿಗೂ ಅರ್ಧ ಗಂಟೆಯ ಮಾತು ಉಳಿಯುತ್ತದೆ.

ಹಂತ 6: ಮಾಹಿತಿ ಹಕ್ಕಿನ ಅರ್ಜಿ

ಕರ್ನಾಟಕದಲ್ಲಿ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ, ಸಾಮಾನ್ಯವಾಗಿ 150 ಪದ ಮೀರದಂತಿರಬೇಕು. ಶುಲ್ಕ 10 ರೂಪಾಯಿ, ಬಿಪಿಎಲ್ ಕುಟುಂಬದವರಿಗೆ ಇಲ್ಲ. 30 ದಿನದಲ್ಲಿ ಉತ್ತರ ಬರಬೇಕು. ಬರದಿದ್ದರೆ ಅಥವಾ ಅತೃಪ್ತಿಯಿದ್ದರೆ 30 ದಿನದೊಳಗೆ ಮೊದಲ ಮೇಲ್ಮನವಿ, ಆಮೇಲೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ ಎರಡನೆಯದು.

"ಯಾಕೆ ನನ್ನನ್ನು ಆಯ್ಕೆ ಮಾಡಲಿಲ್ಲ?" ಎಂದು ಕೇಳಿದರೆ ಉತ್ತರ ಬರುವುದಿಲ್ಲ, ಅದು ದಾಖಲೆಯಲ್ಲ. ದಾಖಲೆಯನ್ನೇ ಕೇಳಿ, ಹೀಗೆ (ರೋಸ್ಟರ್ ಎಂದರೆ ಯಾವ ಹುದ್ದೆ ಯಾವ ವರ್ಗಕ್ಕೆ ಎಂದು ತೋರಿಸುವ ಸರದಿ ಪಟ್ಟಿ):

"ದಿನಾಂಕ … ರ ಅಧಿಸೂಚನೆ ಸಂಖ್ಯೆ … ರ ನೇಮಕಾತಿಗೆ ಸಂಬಂಧಿಸಿ ಈ ಕೆಳಗಿನವುಗಳ ದೃಢೀಕೃತ ಪ್ರತಿ ಕೊಡಿ: 1. ಹುದ್ದೆಗಳ ವರ್ಗೀಕರಣಕ್ಕೆ ಬಳಸಿದ ರೋಸ್ಟರ್ ವಹಿ. 2. ಪ್ರತಿ ವರ್ಗದಲ್ಲಿ ಮಹಿಳೆ ಮತ್ತು ಇತರೆ ಅಭ್ಯರ್ಥಿಗಳ ಕೊನೆಯ ಆಯ್ಕೆಯ ಅಂಕ. 3. ಸಮತಲ ಮೀಸಲಾತಿ ಅನ್ವಯಿಸಿದ ಕ್ರಮದ ಟಿಪ್ಪಣಿ ಹಾಳೆ. 4. ನನ್ನ ಉತ್ತರಪತ್ರಿಕೆ ಮತ್ತು ಎಲ್ಲ ಹಂತದ ಅಂಕಗಳು."

ನಿಮ್ಮ ಉತ್ತರಪತ್ರಿಕೆ ನೋಡುವುದು ನಿಮ್ಮ ಹಕ್ಕು ಎಂದು 2011ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಮೌಲ್ಯಮಾಪಕರ ಹೆಸರು ಸಿಗುವುದಿಲ್ಲ. ಬೇರೆ ಅಭ್ಯರ್ಥಿಗಳ ವೈಯಕ್ತಿಕ ವಿವರ ಕೇಳಿದರೆ ಖಾಸಗಿ ಮಾಹಿತಿ ಎಂದು ತಳ್ಳಿಹಾಕುವ ಸಂಭವ ಹೆಚ್ಚು. ಅದಕ್ಕೇ ಹೆಸರು ಬಿಟ್ಟು ವರ್ಗವಾರು ಅಂಕಿ ಕೇಳುವುದು ಜಾಣತನ. ಮಾಹಿತಿ ಬರಲಿ ಎಂದು ಆಕ್ಷೇಪಣೆ ಸಲ್ಲಿಸುವುದನ್ನು ಮಾತ್ರ ಮುಂದೂಡಬೇಡಿ. ಎರಡೂ ಒಟ್ಟಿಗೇ ನಡೆಯಲಿ.

ಹಂತ 7: ಆಕ್ಷೇಪಣೆ ಅಥವಾ ಮನವಿ

ತಾತ್ಕಾಲಿಕ ಪಟ್ಟಿಯ ಕೊನೆಯಲ್ಲಿ ಆಕ್ಷೇಪಣೆಗೆ ಕೆಲವೇ ದಿನಗಳ ಗಡುವು ಕೊಟ್ಟಿರುತ್ತಾರೆ. ಅದರೊಳಗೆ ಅವರು ಹೇಳಿದ ಮಾರ್ಗದಲ್ಲೇ ಸಲ್ಲಿಸಿ. ಜೊತೆಗೆ ಸ್ಪೀಡ್ ಪೋಸ್ಟ್‌ನಲ್ಲೂ ಕಳಿಸಿ, ಕಚೇರಿಗೆ ಹೋಗಲು ಸಾಧ್ಯವಾದರೆ ಟಪಾಲು ಶಾಖೆಯಲ್ಲಿ ಕೊಟ್ಟು ಇನ್ನೊಂದು ಪ್ರತಿಯ ಮೇಲೆ ದಿನಾಂಕದ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಆ ಮುದ್ರೆ ಇಲ್ಲದ ಮನವಿಯನ್ನು ಕೊಟ್ಟೇ ಇಲ್ಲ ಎಂದು ಹೇಳಿಬಿಡುತ್ತಾರೆ.

ಮನವಿ ಎರಡು ಪುಟ ಮೀರದಿರಲಿ. ಅಧಿಸೂಚನೆ ಸಂಖ್ಯೆ, ನಿಮ್ಮ ನೋಂದಣಿ ಸಂಖ್ಯೆ, ವರ್ಗ, ಅಂಕ; ಆಕ್ಷೇಪಿಸುತ್ತಿರುವ ಷರತ್ತು ಅಥವಾ ಕ್ರಮಾಂಕ; ಅದು ಯಾವ ನಿಯಮಕ್ಕೆ, 14, 15, 16ನೇ ವಿಧಿಗಳಿಗೆ ಹೇಗೆ ವಿರುದ್ಧ; ನಿಮಗೆ ಏನು ಆಗಬೇಕು; ಮನವಿ ಇತ್ಯರ್ಥವಾಗುವವರೆಗೆ ಒಂದು ಹುದ್ದೆ ಭರ್ತಿ ಮಾಡದಂತೆ ಕೋರಿಕೆ. ಇಷ್ಟು ಸಾಕು. ಅಧಿಕಾರಿಗಳ ಮೇಲೆ ಲಂಚದ ಆರೋಪವನ್ನು ಪುರಾವೆಯಿಲ್ಲದೆ ಸೇರಿಸಿದರೆ ಒಳ್ಳೆಯ ಪ್ರಕರಣವೂ ಕೆಡುತ್ತದೆ.

ಸಂದರ್ಶನ, ವೈದ್ಯಕೀಯ ತಪಾಸಣೆಯಲ್ಲಿ ನಡೆದದ್ದಾದರೆ

ಇದು ಸಾಬೀತು ಮಾಡಲು ಕಷ್ಟದ ವಿಷಯ, ಮರೆಮಾಚುವುದು ಬೇಡ. ಸಂದರ್ಶನದ ಅಂಕವನ್ನು ನ್ಯಾಯಾಲಯ ತಿದ್ದುವುದಿಲ್ಲ. "ಮದುವೆ ಯಾವಾಗ? ಮಕ್ಕಳಾದರೆ ಕೆಲಸ ಹೇಗೆ?" ಎಂದು ಕೇಳಿದರೆ ಅಲ್ಲೇ ಜಗಳಕ್ಕೆ ಇಳಿಯದೆ ಉತ್ತರಿಸಿ ಬನ್ನಿ. ಹೊರಗೆ ಬಂದ ಕೂಡಲೇ ಸಂದರ್ಶನ ಮಂಡಳಿಯ ಸಂಖ್ಯೆ, ಸಮಯ, ಕೇಳಿದ ಪ್ರಶ್ನೆ ಯಥಾವತ್ತಾಗಿ ಬರೆದಿಡಿ, ಅಂದೇ ನೇಮಕಾತಿ ಪ್ರಾಧಿಕಾರಕ್ಕೆ ಇಮೇಲ್ ಕಳಿಸಿ. ಫಲಿತಾಂಶ ಬಂದ ಮೇಲೆ ಕಳಿಸಿದ ಇಮೇಲ್‌ಗಿಂತ, ಫಲಿತಾಂಶಕ್ಕೆ ಮುಂಚಿನ ಇಮೇಲ್‌ಗೆ ತೂಕ ಹತ್ತು ಪಟ್ಟು. ನಡೆದದ್ದು ಲೈಂಗಿಕ ಕಿರುಕುಳವಾದರೆ 2013ರ ಕಾಯ್ದೆಯಡಿ ಮೂರು ತಿಂಗಳೊಳಗೆ ಆ ಸಂಸ್ಥೆಯ ಆಂತರಿಕ ಸಮಿತಿಗೆ ದೂರು ಕೊಡಬಹುದು. ದೂರು ಕೊಡುವವಳು ಅಲ್ಲಿ ನೌಕರಳಾಗಿರಲೇಬೇಕು ಎಂದಿಲ್ಲ.

ಗರ್ಭಿಣಿಯರ ವಿಷಯದಲ್ಲಿ ಕಾನೂನು ಹೆಚ್ಚು ಸ್ಪಷ್ಟ. ಎಲ್‌ಐಸಿ ತನ್ನ ಅಭ್ಯರ್ಥಿಗಳಿಗೆ ಮುಟ್ಟು, ಗರ್ಭಧಾರಣೆಯ ಬಗ್ಗೆ ಪ್ರಶ್ನಾವಳಿ ಕೊಡುತ್ತಿತ್ತು. ಮಾಹಿತಿ ಮುಚ್ಚಿಟ್ಟಳು ಎಂದು ಒಬ್ಬಾಕೆಯನ್ನು ಪ್ರೊಬೇಷನ್‌ನಲ್ಲೇ ಕೆಲಸದಿಂದ ತೆಗೆಯಿತು. ನೀರಾ ಮಾಥುರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅವರನ್ನು ಮರಳಿ ಸೇರಿಸಿಕೊಳ್ಳಲು ಹೇಳಿತು, ಆ ಕಾಲಂಗಳನ್ನೂ ತೆಗೆಯಿರಿ ಎಂದಿತು. ಅದಾಗಿ ಮೂವತ್ತು ವರ್ಷದ ಮೇಲೆ, 2021ರ ಡಿಸೆಂಬರ್ ಕೊನೆಯಲ್ಲಿ, ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾ ಮೂರು ತಿಂಗಳು ಮೀರಿದ ಗರ್ಭಿಣಿಯರನ್ನು ತಾತ್ಕಾಲಿಕವಾಗಿ ಅನರ್ಹರು ಎನ್ನುವ ಸುತ್ತೋಲೆ ತಂದಿತು. ದೆಹಲಿ ಮಹಿಳಾ ಆಯೋಗ ನೋಟಿಸ್ ಕೊಟ್ಟು, ಎಲ್ಲೆಡೆ ಟೀಕೆ ಬಂದು, 2022ರ ಜನವರಿಯಲ್ಲಿ ಬ್ಯಾಂಕ್ ಸುತ್ತೋಲೆ ಕೈಬಿಟ್ಟಿತು. ಕೋರ್ಟಿಗೆ ಹೋಗದೆ ಗೆಲ್ಲುವ ದಾರಿಯೂ ಇದೆ, ಆದರೆ ಅದು ಸುತ್ತೋಲೆಯಂಥ ಎಲ್ಲರಿಗೂ ಕಾಣುವ ಅನ್ಯಾಯಕ್ಕೆ. ಒಬ್ಬಳ ಅಂಕಪಟ್ಟಿಗೆ ಸುದ್ದಿವಾಹಿನಿಗಳು ಬರುವುದಿಲ್ಲ. ದೈಹಿಕ ಪರೀಕ್ಷೆಯ ದಿನಕ್ಕೆ ಗರ್ಭಿಣಿಯಾಗಿದ್ದರೆ ವೈದ್ಯರ ಪ್ರಮಾಣಪತ್ರದೊಂದಿಗೆ ದಿನಾಂಕ ಮುಂದೂಡಲು ಆ ದಿನಕ್ಕೆ ಮುಂಚೆಯೇ ಅರ್ಜಿ ಕೊಡಿ. ಗೈರುಹಾಜರಾಗಿ ಆಮೇಲೆ ಕೇಳಿದರೆ ನಿಮ್ಮನ್ನು "ಗೈರು" ಎಂದಷ್ಟೇ ದಾಖಲಿಸುತ್ತಾರೆ.

ಹಂತ 8: ವಕೀಲರು, ಖರ್ಚು

ಹೆಣ್ಣುಮಕ್ಕಳು ಎಷ್ಟೇ ಆದಾಯವಿದ್ದರೂ ಉಚಿತ ಕಾನೂನು ನೆರವಿಗೆ ಅರ್ಹರು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಸೆಕ್ಷನ್ ಇದನ್ನು ಕೊಟ್ಟಿದೆ, ಆದರೂ ಗೊತ್ತಿರುವವರು ಕಡಿಮೆ. ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಅಥವಾ 15100ಕ್ಕೆ ಕರೆ ಮಾಡಿ. ಖಾಸಗಿ ವಕೀಲರನ್ನು ಇಡುವುದಾದರೆ ಸೇವಾ ವಿಷಯಗಳನ್ನೇ ನಡೆಸುವವರನ್ನು ಹುಡುಕಿ; ಊರಿನ ಸಿವಿಲ್ ವಕೀಲರು ಎಷ್ಟೇ ಒಳ್ಳೆಯವರಾದರೂ ರೋಸ್ಟರ್ ಅವರಿಗೆ ಹೊಸದಾಗಿರುತ್ತದೆ. ಕೇಂದ್ರೀಯ ನ್ಯಾಯಮಂಡಳಿಯಲ್ಲಿ ಅರ್ಜಿ ಶುಲ್ಕ 50 ರೂಪಾಯಿ ಮಾತ್ರ. ನ್ಯಾಯಮಂಡಳಿಯಲ್ಲಿ ನೀವೇ ವಾದಿಸಲೂ ಕಾಯ್ದೆಯಲ್ಲಿ ಅವಕಾಶವಿದೆ. ಒಂದೇ ತಕರಾರು ಇರುವ ಹಲವರು ಒಟ್ಟಾಗಿ ಹೋಗಲು ಅನುಮತಿ ಕೇಳಿದರೆ ಖರ್ಚೂ ಹಂಚಿಹೋಗುತ್ತದೆ, ಒಬ್ಬಳ ಕೊರಗಲ್ಲ ಎಂಬುದೂ ಕಾಣುತ್ತದೆ.

ಹಂತ 9: ಅರ್ಜಿಯಲ್ಲಿ ಏನಿರಬೇಕು

ಇಲಾಖೆಯ ಪರಿಹಾರ ಮಾರ್ಗಗಳನ್ನು ಮುಗಿಸಿ ಬನ್ನಿ ಎಂದು 1985ರ ಕಾಯ್ದೆಯ 20ನೇ ಸೆಕ್ಷನ್ ಹೇಳುತ್ತದೆ. ಆದರೆ "ಸಾಮಾನ್ಯವಾಗಿ" ಎಂಬ ಪದ ಅದರಲ್ಲಿದೆ. ನೇಮಕಾತಿ ಆದೇಶ ಇನ್ನೇನು ಹೊರಬೀಳಲಿದೆ ಎನ್ನುವಾಗ ಆರು ತಿಂಗಳು ಕಾಯಬೇಕಿಲ್ಲ. ಮನವಿ ಕೊಟ್ಟ ಪುರಾವೆ ಲಗತ್ತಿಸಿ, ತುರ್ತು ಏನೆಂದು ವಿವರಿಸಿ.

ಎರಡು ಸಂಗತಿ ಮರೆತರೆ ಪ್ರಕರಣ ಅಲ್ಲೇ ಬೀಳಬಹುದು. ನಿಮ್ಮ ಗೆಲುವಿನಿಂದ ಯಾರ ಆಯ್ಕೆಗೆ ಕುತ್ತು ಬರುತ್ತದೋ ಅವರನ್ನು ಪ್ರತಿವಾದಿಗಳನ್ನಾಗಿ ಸೇರಿಸಲೇಬೇಕು. ಅವರ ಮಾತು ಕೇಳದೆ ಅವರ ನೌಕರಿ ಕಿತ್ತುಕೊಳ್ಳಲು ಯಾವ ಮಂಡಳಿಯೂ ಒಪ್ಪುವುದಿಲ್ಲ. ಮತ್ತೆ, ಮಧ್ಯಂತರ ಆದೇಶವನ್ನು ಪ್ರತ್ಯೇಕವಾಗಿ ಕೇಳಬೇಕು. ಇಡೀ ನೇಮಕಾತಿಗೆ ತಡೆಯಾಜ್ಞೆ ಕೇಳಿದರೆ ಸಿಗುವುದು ಅಪರೂಪ, ಸಾವಿರಾರು ಜನರ ಶಾಪವೂ ತಟ್ಟುತ್ತದೆ. "ನನಗಾಗಿ ಒಂದು ಹುದ್ದೆ ಖಾಲಿ ಇಡಿ" ಅಥವಾ "ಅರ್ಜಿಯ ತೀರ್ಪಿಗೆ ಒಳಪಟ್ಟು ಮುಂದಿನ ಹಂತಕ್ಕೆ ಬಿಡಿ" ಎಂದು ಕೇಳಿದರೆ ಸಿಗುವ ಅವಕಾಶ ಹೆಚ್ಚು. ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಪರೀಕ್ಷೆಗೆ ಹುಡುಗಿಯರು ಕೂತದ್ದು 2021ರ ಆಗಸ್ಟ್‌ನ ಅಂಥ ಒಂದು ಮಧ್ಯಂತರ ಆದೇಶದಿಂದಲೇ.

ನೇರವಾಗಿ "ನೇಮಕ ಮಾಡಿ" ಎಂಬ ಆದೇಶವನ್ನು ಎದುರುನೋಡಬೇಡಿ. ಸಾಮಾನ್ಯವಾಗಿ ಬರುವುದು "ಷರತ್ತು ರದ್ದು, ಇಷ್ಟು ವಾರದಲ್ಲಿ ಮರುಪರಿಶೀಲಿಸಿ" ಎಂಬ ಆದೇಶ. ಕೆಲವೊಮ್ಮೆ ಅರ್ಜಿ ವಜಾ ಆದರೂ ನಿಯಮ ಬದಲಾಗುತ್ತದೆ. ಕೊಡಗಿನ ವಿರಾಜಪೇಟೆಯ ಸಿ.ಬಿ. ಮುತ್ತಮ್ಮ 1949ರಲ್ಲಿ ವಿದೇಶಾಂಗ ಸೇವೆ ಸೇರಿದವರು. ಮದುವೆಯಾದ ಹೆಣ್ಣಿಗೆ ಆ ಸೇವೆಗೆ ನೇಮಕಗೊಳ್ಳುವ ಹಕ್ಕಿಲ್ಲ, ಸೇವೆಯಲ್ಲಿರುವವಳು ಮದುವೆಯಾಗಲು ಸರ್ಕಾರದ ಅನುಮತಿ ಬೇಕು ಎಂಬ ನಿಯಮಗಳನ್ನೂ ಬಡ್ತಿ ತಪ್ಪಿಸಿದ್ದನ್ನೂ ಅವರು ಸುಪ್ರೀಂ ಕೋರ್ಟ್‌ನಲ್ಲಿ ಪ್ರಶ್ನಿಸಿದರು. ವಿಚಾರಣೆಯ ನಡುವೆಯೇ ಸರ್ಕಾರ ಬಡ್ತಿ ಕೊಟ್ಟಿತು, ಒಂದು ನಿಯಮ ಹಿಂತೆಗೆಯಿತು, ಇನ್ನೊಂದನ್ನೂ ತೆಗೆಯುತ್ತೇವೆ ಎಂದಿತು. 1979ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅರ್ಜಿಯನ್ನು ವಜಾ ಮಾಡಿದರು, ಆದರೆ ಸೇವಾ ನಿಯಮಗಳನ್ನೆಲ್ಲ ಜಾಲಾಡಿ ಭೇದ ತೊಳೆಯಿರಿ ಎಂದು ಸರ್ಕಾರಕ್ಕೆ ಬುದ್ಧಿ ಹೇಳಿಯೇ ಮಾಡಿದರು. ಇಂದಿಗೂ ನೇಮಕಾತಿಯ ತಕರಾರುಗಳಲ್ಲಿ ವಕೀಲರು ಎತ್ತಿ ಓದುವುದು ಆ ವಜಾ ಆದ ಅರ್ಜಿಯ ತೀರ್ಪನ್ನೇ.

ಹಂತ 10: ಆದೇಶ ಬಂದ ಮೇಲೆ

ದೃಢೀಕೃತ ಪ್ರತಿಯನ್ನು ಪಡೆದ ಕೂಡಲೇ ಒಂದು ಪತ್ರದೊಂದಿಗೆ ಇಲಾಖೆಗೂ ನೇಮಕಾತಿ ಪ್ರಾಧಿಕಾರಕ್ಕೂ ತಲುಪಿಸಿ, ಇಲ್ಲೂ ಸ್ವೀಕೃತಿ ಮುದ್ರೆ ಬೇಕು. ಆದೇಶದಲ್ಲಿ ಹೇಳಿದ ವಾರಗಳ ಎಣಿಕೆ ಎಷ್ಟೋ ಸಲ ಪ್ರತಿ ಅವರ ಕೈಸೇರಿದ ದಿನದಿಂದ ಶುರುವಾಗುತ್ತದೆ. ಗಡುವು ಮುಗಿದರೂ ಕದಲದಿದ್ದರೆ ವಕೀಲರಿಂದ ಒಂದು ನೋಟಿಸ್, ಅದಕ್ಕೂ ಜಗ್ಗದಿದ್ದರೆ ನ್ಯಾಯಾಂಗ ನಿಂದನೆ ಅರ್ಜಿ. ನ್ಯಾಯಮಂಡಳಿಗಳಿಗೂ ಅದೇ 1985ರ ಕಾಯ್ದೆಯ 17ನೇ ಸೆಕ್ಷನ್ ಆ ಅಧಿಕಾರ ಕೊಟ್ಟಿದೆ. ಅದಕ್ಕೂ ಒಂದು ವರ್ಷದ ಮಿತಿಯಿದೆ, ಉಲ್ಲಂಘನೆಯಾದ ದಿನದಿಂದ. ಇಲಾಖೆ ಹೈಕೋರ್ಟ್‌ಗೆ ಹೋಗುವ ಸುಳಿವಿದ್ದರೆ ಅದಕ್ಕೆ ಮೊದಲೇ ಕೇವಿಯಟ್ ಹಾಕಿಸಿ, ನಿಮ್ಮ ಮಾತು ಕೇಳದೆ ತಡೆಯಾಜ್ಞೆ ಕೊಡುವುದು ಆಗ ಸುಲಭವಲ್ಲ.